ಕೊಡಗಿನ ಸಮಾರಂಭಗಳಿಗೆ ದೊಡ್ಡ ಶೀಟ್ ಫಿಲ್ಮ್ ಕ್ಯಾಮೆರಾ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ, ಐನ್‌ಮನೆ (ಕುಲದ ಮೂಲಮನೆ) ಅಂಗಳದಲ್ಲಿ, ಪುತ್ತರಿ ಅನ್ನುವ ಸುಗ್ಗಿ ಹಬ್ಬದ ಮಂದ್‌ನಲ್ಲಿ (ಊರಿನ ಬಯಲು), ಎಲ್ಲಿ ಹೋದರೂ ಇದೇ ಪ್ರಶ್ನೆಗಳು. ಒಂದೊಂದೇ ಶೀಟ್ ಹಾಕಿ ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ತಿರುಗುವವನಿಗೆ ಉತ್ತರ ಹೇಳುವ ಕೆಲಸವೇ ಜಾಸ್ತಿ, ಫೋಟೋ ತೆಗೆಯುವುದು ಕಡಿಮೆ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದು ಹಾಕುತ್ತಿದ್ದೇನೆ.

ಸರ್ವೆಯವರಾ?

ಅಲ್ಲ. ಆದರೆ ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ನಮ್ಮಲ್ಲಿ ಪರಂಪರೆಯಿಂದ ಬಂದ ಜಮ್ಮಾ ಜಾಗದ ಪಕ್ಕ ಯಾರಾದರೂ ಮೂರು ಕಾಲಿನ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿದರೆ ಮನೆಯ ಹಿರಿಯರು ಹೊರಗೆ ಬಂದು ನೋಡಲೇಬೇಕು, ಅಲ್ವಾ? ಒಮ್ಮೆ ತೋಟದ ಬೇಲಿ ಹತ್ತಿರ ನಿಂತಿದ್ದಾಗ ಒಬ್ಬರು ಆರ್‌ಟಿಸಿಯನ್ನೇ ಹಿಡಿದುಕೊಂಡು ಬಂದಿದ್ದರು.

ಹಾಗಾದರೆ ಇದೇನು?

ಹಳೇ ರೀಲಿನ ಕ್ಯಾಮೆರಾ ಗೊತ್ತಲ್ಲ, 36 ಫೋಟೋ ಬರುತ್ತಿದ್ದದ್ದು. ಅದರ ಒಂದು ನೆಗೆಟಿವ್ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲ. ಇದರಲ್ಲಿ ಒಂದು ನೆಗೆಟಿವ್ 4 ಇಂಚು, 5 ಇಂಚು. ಅಂದರೆ ವಿಸ್ತಾರದಲ್ಲಿ ಹತ್ತಿರ ಹತ್ತಿರ 15 ಪಟ್ಟು. ಇದಕ್ಕಿಂತ ದೊಡ್ಡದು 8×10 ಇಂಚು, ಅದು ಇದರ ನಾಲ್ಕು ಪಟ್ಟು. ಅದನ್ನು ಹೊತ್ತುಕೊಂಡು ಬೆಟ್ಟ ಹತ್ತುವ ವಯಸ್ಸು ನನ್ನದಲ್ಲ.

ಮುಂದೆ ಲೆನ್ಸ್, ಹಿಂದೆ ಮಬ್ಬು ಗಾಜು, ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಚುವ ಬೆಲ್ಲೋಸ್. ಇಷ್ಟೇ. ಮಬ್ಬು ಗಾಜಿನ ಮೇಲೆ ಬಿಂಬ ನೋಡಿ ಫೋಕಸ್ ಮಾಡಬೇಕು, ಆಮೇಲೆ ಅಲ್ಲಿಗೆ ಫಿಲ್ಮ್ ಹೋಲ್ಡರ್ ತೂರಿಸಬೇಕು. ಒಂದು ಹೋಲ್ಡರಿನಲ್ಲಿ ಎರಡೇ ಶೀಟು, ಮುಂದೊಂದು ಹಿಂದೊಂದು. ಬ್ಯಾಟರಿ ಇಲ್ಲ. ಜುಲೈ ತಿಂಗಳಲ್ಲಿ ನಾಲ್ಕು ದಿನ ಕರೆಂಟಿಲ್ಲದೆ ಎಲ್ಲರ ಮೊಬೈಲ್ ಸತ್ತು ಮಲಗಿದಾಗಲೂ ಇದು ಕೆಲಸ ಮಾಡುತ್ತದೆ.

ಮೊಬೈಲ್‌ನಲ್ಲೇ ಚೆನ್ನಾಗಿ ಬರುತ್ತಲ್ಲ, ಇಷ್ಟೆಲ್ಲ ಯಾಕೆ?

ಬರುತ್ತದೆ, ಇಲ್ಲ ಅನ್ನಲ್ಲ. ಇನ್ನೂ ಒಂದು ನಿಜ ಮೊದಲೇ ಹೇಳಿಬಿಡುತ್ತೇನೆ. ಬರೀ ಸ್ಪಷ್ಟತೆಯ ಲೆಕ್ಕ ತೆಗೆದರೆ ಈಗಿನ ಒಳ್ಳೆ ಡಿಜಿಟಲ್ ಕ್ಯಾಮೆರಾಗಳು 4×5ಗೆ ಸರಿಸಮ ನಿಲ್ಲುತ್ತವೆ. ನನ್ನ ನೆಗೆಟಿವನ್ನು ಇಂಚಿಗೆ 2000 ಚುಕ್ಕೆಯ ಹಾಗೆ ಸ್ಕ್ಯಾನ್ ಮಾಡಿದರೆ 80 ಮೆಗಾಪಿಕ್ಸೆಲ್ ಆಗುತ್ತದೆ. ಇವತ್ತು 61 ಮೆಗಾಪಿಕ್ಸೆಲ್ ಕ್ಯಾಮೆರಾ ಅಂಗಡಿಯಲ್ಲೇ ಸಿಗುತ್ತದೆ. ಆ ಜಗಳ ಮುಗಿದಿದೆ.

ನನ್ನ ಕಾರಣ ಬೇರೆ. ಒಂದು ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಹಳೇ ಗ್ರೂಪ್ ಫೋಟೋ ನೇತು ಹಾಕಿದ್ದರು. ಕುಪ್ಯ ಚೇಲೆ (ಉದ್ದ ಕೋಟು, ಸೊಂಟಪಟ್ಟಿ) ಹಾಕಿದ ಗಂಡಸರು ಎರಡು ಸಾಲು, ಮುಂದೆ ಬೆಂಚಿನ ಮೇಲೆ ಹೆಂಗಸರು, ನೆಲದಲ್ಲಿ ಮಕ್ಕಳು. ಯಾವುದೋ ಸ್ಟುಡಿಯೋದವರು ದೊಡ್ಡ ನೆಗೆಟಿವಿನಲ್ಲಿ ತೆಗೆದದ್ದು. ನಾನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ, ಪಕ್ಕದಲ್ಲಿ ಇಬ್ಬರು ಅಜ್ಜಿಯರು ಬಂದು ಕೂತರು. ಹಿಂದಿನ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ, ಅರ್ಧ ಮುಖ ಕಾಣುವ ಒಬ್ಬ ಹುಡುಗ. ಒಬ್ಬರು ಅವನು ಮೈಸೂರಿಗೆ ಓದಲು ಹೋದವನು ಅಂದರು, ಇನ್ನೊಬ್ಬರು ಅಲ್ಲವೇ ಅಲ್ಲ, ಗದ್ದೆ ಕೆಲಸಕ್ಕೆ ಇದ್ದವನ ಮಗ ಅಂದರು. ಗಾಜು ಇನ್ನೂ ಹತ್ತಿರ ಹಿಡಿದಾಗ ಹುಬ್ಬಿನ ಮೇಲಿನ ಗಾಯದ ಗುರುತು ಕಂಡಿತು. ಎರಡನೆಯವರು ಗೆದ್ದರು. ಆ ಹುಡುಗನ ಬೇರೆ ಫೋಟೋ ಎಲ್ಲೂ ಇಲ್ಲವಂತೆ.

ಸಮಾರಂಭದ ದಾಖಲೆ ಅಂದರೆ ನನಗೆ ಇದು. ಒಳ್ಳೆ ಕ್ಷಣ ಹಿಡಿಯುವ ಕೆಲಸವನ್ನು ಮೊಬೈಲು ಮಾಡುತ್ತದೆ, ಮಾಡಲಿ. ಅಲ್ಲಿ ಯಾರ್ಯಾರಿದ್ದರು, ಏನೇನಿತ್ತು, ಯಾರು ಮೂಲೆಯಲ್ಲಿ ನಿಂತಿದ್ದರು ಅನ್ನುವುದನ್ನು ಹಿಡಿಯುವುದು ಬೇರೆ ಕೆಲಸ. ಸ್ವಲ್ಪ ಲೆಕ್ಕ ಹೇಳುತ್ತೇನೆ. ಒಕ್ಕದವರೆಲ್ಲ, ಅಂದರೆ ಒಂದೇ ಕುಲದವರೆಲ್ಲ ಸೇರಿ 120 ಜನ, 30 ಜನರ ನಾಲ್ಕು ಸಾಲು. ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ ಅಂದರೆ ಸಾಲು 15 ಮೀಟರ್ ಉದ್ದ ಆಯಿತು. 4×5ರಲ್ಲಿ ಒಂದೊಂದು ಮುಖ ನೆಗೆಟಿವಿನ ಮೇಲೆ ಸುಮಾರು ಒಂದೂವರೆ ಮಿಲಿಮೀಟರ್ ಬರುತ್ತದೆ. ರೀಲಿನಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಆ ಹುಬ್ಬಿನ ಗಾಯ ಉಳಿಯಲು ಬೇಕಾದ ಜಾಗ ಅಷ್ಟು.

ಇನ್ನೊಂದು ವಿಷಯ, ಇದು ಕ್ಯಾಮೆರಾದ ಗುಣವೋ ಜನರ ಗುಣವೋ ನನಗೆ ಈಗಲೂ ಸರಿಯಾಗಿ ಹೇಳಲು ಬರಲ್ಲ. ಮೊಬೈಲ್ ಎತ್ತಿದರೆ ಜನ ನಗುತ್ತಾರೆ, ಬೆರಳು ತೋರಿಸುತ್ತಾರೆ. ಈ ಪೆಟ್ಟಿಗೆ ಮುಂದೆ ನಿಲ್ಲಿಸಿದರೆ ಚೇಲೆ ಸರಿ ಮಾಡಿಕೊಳ್ಳುತ್ತಾರೆ, ಸೊಂಟದ ಪೀಚೆಕತ್ತಿ ನೆಟ್ಟಗೆ ಸಿಕ್ಕಿಸುತ್ತಾರೆ, ಒಳಗೆ ಅಡುಗೆಮನೆಯಲ್ಲಿರುವವರನ್ನು ಕೂಗಿ ಕರೆಯುತ್ತಾರೆ. ಆ ಹತ್ತು ನಿಮಿಷದ ಗಡಿಬಿಡಿಯಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಪಕ್ಕ ಪಕ್ಕ ನಿಂತದ್ದನ್ನೂ ನೋಡಿದ್ದೇನೆ. ಫೋಟೋ ಆದ ಮೇಲೆ ಮತ್ತೆ ಮಾತಿಲ್ಲ, ಅದು ಬಿಡಿ.

ಸಮಾರಂಭ ಓಡುತ್ತಿರುತ್ತದೆ, ಇಷ್ಟು ನಿಧಾನದ ಕ್ಯಾಮೆರಾ ಹೇಗೆ ಸರಿಹೋಗುತ್ತೆ?

ಒಂದು ಕಾಲದಲ್ಲಿ ಪೇಪರಿನವರೆಲ್ಲ ಇದೇ ಅಳತೆಯ ಫಿಲ್ಮ್ ಬಳಸುತ್ತಿದ್ದರು. ಸ್ಪೀಡ್ ಗ್ರಾಫಿಕ್ ಅಂತ ಅಮೆರಿಕದ ಕ್ಯಾಮೆರಾ, 1912ರಿಂದ 1973ರವರೆಗೆ ತಯಾರಾಯಿತು. ಕೈಯಲ್ಲೇ ಹಿಡಿದು ಹೊಡೆಯುವಂಥದ್ದು. 1937ರ ಮೇ 6ರಂದು ಹಿಂಡನ್‌ಬರ್ಗ್ ಅನ್ನುವ ದೊಡ್ಡ ವಾಯುನೌಕೆ ಹೊತ್ತಿ ಉರಿದದ್ದನ್ನು ಇಂಥ ಕ್ಯಾಮೆರಾದವರೇ ಹಿಡಿದರು. 1945ರಲ್ಲಿ ಇವೊ ಜಿಮಾ ದ್ವೀಪದಲ್ಲಿ ಸೈನಿಕರು ಬಾವುಟ ನೆಡುವ ಜೋ ರೋಸೆಂತಾಲ್ ಅವರ ಫೋಟೋ ನೋಡಿರುತ್ತೀರಿ. ಅದೂ 4×5 ಶೀಟಿನದ್ದೇ. ನಮ್ಮಲ್ಲಿ ಹೋಮಾಯಿ ವ್ಯಾರಾವಾಲಾ ಸ್ಪೀಡ್ ಗ್ರಾಫಿಕ್ ಹೊತ್ತುಕೊಂಡು, ಸೀರೆ ಉಟ್ಟುಕೊಂಡೇ, ದೆಹಲಿಯ ದೊಡ್ಡ ದೊಡ್ಡ ಸಮಾರಂಭಗಳನ್ನು ತೆಗೆದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಡೇವಿಡ್ ಬರ್ನೆಟ್ ಅನ್ನುವವರು 2012ರ ಲಂಡನ್ ಒಲಿಂಪಿಕ್ಸ್‌ಗೆ ಹಳೇ ಸ್ಪೀಡ್ ಗ್ರಾಫಿಕ್ ತೆಗೆದುಕೊಂಡು ಹೋಗಿದ್ದರು, ಸುತ್ತ ಇದ್ದವರೆಲ್ಲ ಸೆಕೆಂಡಿಗೆ ಹತ್ತು ಫೋಟೋ ಹೊಡೆಯುವಾಗ.

ಇವರೆಲ್ಲರ ಗುಟ್ಟು ಒಂದೇ. ಮುಂದೆ ಏನಾಗುತ್ತದೆ ಅಂತ ಮೊದಲೇ ತಿಳಿದುಕೊಂಡು ಅಲ್ಲಿ ಹೋಗಿ ಕಾಯುವುದು. ಊರಿನ ಪದ್ಧತಿ ಗೊತ್ತಿದ್ದರೆ ಇದು ಕಷ್ಟವಲ್ಲ. ಕೊಡವ ಮದುವೆಯನ್ನೇ ತೆಗೆದುಕೊಳ್ಳಿ. ಗಂಡು ಮುಕ್ಕಾಲಿ ಮೇಲೆ ಕೂತರೆ ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಕೊಕ್ಕಿರುವ ಗಿಂಡಿ) ಹಾಲು ಕುಡಿಸಿ, ದುಡ್ಡು ಕೊಟ್ಟು ಹೋಗುತ್ತಾರೆ. ಸಾಲು ಮುಗಿಯುವುದೇ ಇಲ್ಲ. ಅಷ್ಟು ಹೊತ್ತು ಅಲುಗಾಡದೆ ಕೂರುವ ಮದುಮಗ ಬೇರೆ ಯಾವ ಊರಲ್ಲಿ ಸಿಗುತ್ತಾನೆ ಹೇಳಿ! ನನಗಂತೂ ಹಬ್ಬ.

ಯಾವುದಕ್ಕೆ ತರುತ್ತೀರಿ, ಯಾವುದಕ್ಕೆ ತರಲ್ಲ?

ತಲಕಾವೇರಿ ತೀರ್ಥೋದ್ಭವಕ್ಕೆ ತರಲ್ಲ. ತುಲಾ ಸಂಕ್ರಮಣದ ಆ ನೂಕುನುಗ್ಗಲಿನಲ್ಲಿ ಟ್ರೈಪಾಡ್ ಇಡುವುದು ತಪ್ಪು, ಯಾರಾದರೂ ಎಡವಿ ಬಿದ್ದರೆ? ಒಂದು ಸಲ ತಂದು ಬುದ್ಧಿ ಕಲಿತೆ. ಮಡಿಕೇರಿ ದಸರಾದ ಮಂಟಪಗಳ ರಾತ್ರಿಗೂ ಬೇಡ. ಆದರೆ ಅದೇ ಮಂಟಪಗಳನ್ನು ಕಟ್ಟುವವರನ್ನು ಹಿಂದಿನ ದಿನ ಹಗಲಲ್ಲಿ ತೆಗೆಯಬಹುದು. ನನ್ನ ಮಟ್ಟಿಗೆ ಅದೇ ಒಳ್ಳೆ ಫೋಟೋ.

ಪುತ್ತರಿಯ ರಾತ್ರಿ ಗದ್ದೆಗೆ ಇಳಿದು ಕದಿರು ತೆಗೆದು 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾ ಮನೆಗೆ ತರುವಾಗ ನಾನು ಕ್ಯಾಮೆರಾ ಮುಟ್ಟುವುದೇ ಇಲ್ಲ. ಸುಮ್ನೆ ಜೊತೆಗೆ ನಡೆಯುತ್ತೇನೆ. ಮಂದ್‌ನಲ್ಲಿ ಹಗಲು ನಡೆಯುವ ಕೋಲಾಟಕ್ಕೆ ಶುರುವಿಗೆ ಮೊದಲೇ ಹೋಗಿ ಎಲ್ಲರನ್ನೂ ನಿಲ್ಲಿಸಿ ಒಂದು ತೆಗೆಯುತ್ತೇನೆ. ಕೊಡವ ಕುಟುಂಬಗಳ ಹಾಕಿ ಪಂದ್ಯ, 1997ರಲ್ಲಿ ಕರಡದಲ್ಲಿ ಶುರುವಾದದ್ದು, ಅದರಲ್ಲೂ ಹಾಗೆಯೇ. ಗೋಲು ನನಗೆ ಸಿಗಲ್ಲ. ಆದರೆ ಮ್ಯಾಚಿಗೆ ಮೊದಲು ತಂಡ ನಿಂತಾಗ ಸಿಗುತ್ತದೆ, ಒಂದೇ ಜೆರ್ಸಿಯಲ್ಲಿ ಹದಿನಾರರ ಹುಡುಗನೂ ಅವನ ದೊಡ್ಡಪ್ಪನೂ.

ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್‌ಪೊಳ್ದ್ ನನಗೆ ಎಲ್ಲಕ್ಕಿಂತ ಇಷ್ಟ. ಒಳಗೆ ಕೋವಿ ಕತ್ತಿಗಳನ್ನು ಜೋಡಿಸಿ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಇಟ್ಟಿರುತ್ತಾರೆ, ದೀಪ ಉರಿಯುತ್ತಿರುತ್ತದೆ. ಐನ್‌ಮನೆಯ ನಡುಮನೆ ಅಂದರೆ ಕತ್ತಲು. ಫ್ಲ್ಯಾಶ್ ಹೊಡೆದರೆ ಆ ಕತ್ತಲೇ ಹೋಗುತ್ತದೆ. ಅದಕ್ಕೆ ಲೆನ್ಸಿನ ಬಾಯಿ ಸಣ್ಣ ಮಾಡಿ ಶಟರ್ ತೆರೆದಿಟ್ಟು ನಿಂತುಬಿಡುತ್ತೇನೆ. ಬೆಳಕು ಅಳೆಯುವ ಮೀಟರ್ 30 ಸೆಕೆಂಡ್ ಅಂದರೆ 30 ಕೊಟ್ಟರೆ ಸಾಲದು. ಬೆಳಕು ತೀರಾ ಕಮ್ಮಿಯಾದಾಗ ಫಿಲ್ಮ್ ಮಂದ ಆಗುತ್ತದೆ. ಇಲ್ಫೋರ್ಡ್ ಎಚ್‌ಪಿ5 ಫಿಲ್ಮಿಗೆ 30 ಸೆಕೆಂಡಿನ ಜಾಗದಲ್ಲಿ ಸುಮಾರು 85 ಸೆಕೆಂಡ್ ಕೊಡಬೇಕು. ಅಷ್ಟು ಹೊತ್ತು ಮನೆಯವರು ಹಲಗೆ ಮೇಲೆ ಓಡಾಡಬಾರದು. ಹಳೇ ಮರದ ನೆಲ ಅಲ್ಲಾಡಿದರೆ ಎಲ್ಲ ಹೋಯಿತು.

ಯಾರಾದರೂ ಕಣ್ಣು ಮುಚ್ಚಿದರೆ?

120 ಜನರಲ್ಲಿ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಎರಡು ಶೀಟ್ ತೆಗೆಯುತ್ತೇನೆ. ಎರಡರಲ್ಲೂ ಮುಚ್ಚಿದರೆ ಅವರ ಹಣೆಬರಹ.

ಕಪ್ಪು ಬಟ್ಟೆ ಹೊದ್ದುಕೊಂಡು ಒಳಗೆ ಏನು ನೋಡುತ್ತೀರಿ?

ನಿಮ್ಮನ್ನೇ, ತಲೆಕೆಳಗಾಗಿ. ಗಾಜಿನ ಮೇಲೆ ಬಿಂಬ ಉಲ್ಟಾ ಬೀಳುತ್ತದೆ, ಎಡ ಬಲವೂ ಅದಲುಬದಲು. ಮಕ್ಕಳಿಗೆ ತೋರಿಸಿದರೆ ಖುಷಿಯೋ ಖುಷಿ. ಮಳೆಗಾಲದಲ್ಲಿ ಬಟ್ಟೆಯೊಳಗೆ ಇದ್ದಾಗ ಕಾಲಿಗೆ ಜಿಗಣೆ ಹತ್ತುವುದು ಗೊತ್ತಾಗಲ್ಲ. ಯಾರಾದರೂ ನೋಡಿದರೆ ದಯವಿಟ್ಟು ಹೇಳಿ, ನಗಬೇಡಿ.

ನಿಮ್ಮ ಫೋಟೋದಲ್ಲಿ ಮನೆ ಹಿಂದಕ್ಕೆ ವಾಲಿದ ಹಾಗೆ ಕಾಣಲ್ಲ, ಹೇಗೆ?

ಎತ್ತರದ ಕಟ್ಟಡವನ್ನು ತೆಗೆಯಲು ಕ್ಯಾಮೆರಾ ಮೇಲಕ್ಕೆ ಬಾಗಿಸಿದರೆ ಗೋಡೆಗಳು ಮೇಲೆ ಹೋಗುತ್ತಾ ಹತ್ತಿರ ಸೇರುತ್ತವೆ. ಇದರಲ್ಲಿ ಕ್ಯಾಮೆರಾ ಬಾಗಿಸುವುದೇ ಬೇಡ. ಲೆನ್ಸ್ ಇರುವ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸಿದರೆ ಸಾಕು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಇದಕ್ಕೆ ಒಳ್ಳೆ ಅಭ್ಯಾಸ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರ, ಮುಂದೆ ಕೊಳ. ನೀರಿನ ಆಚೆ ನಿಂತು ಲೆನ್ಸ್ ಸ್ವಲ್ಪ ಎತ್ತಿದರೆ ಗೋಪುರಗಳು ದಾರ ಬಿಟ್ಟ ಹಾಗೆ ನೆಟ್ಟಗೆ ನಿಲ್ಲುತ್ತವೆ.

ಖರ್ಚು ಎಷ್ಟು? ಫಿಲ್ಮ್ ಎಲ್ಲಿ ಸಿಗುತ್ತೆ?

ಒಂದು ಕಪ್ಪು ಬಿಳುಪು ಶೀಟು ಕೈಗೆ ಬರುವಷ್ಟರಲ್ಲಿ ಒಂದು ಒಳ್ಳೆ ಊಟದ ದುಡ್ಡು. ಕಲರ್ ಅಂದರೆ ಇಡೀ ಮನೆಯವರ ಊಟ. ಅದಕ್ಕೆ ಒಂದು ಸಮಾರಂಭಕ್ಕೆ ಹತ್ತು ಶೀಟು ಮೀರಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗಲ್ಲ, ತರಿಸಿಕೊಳ್ಳಬೇಕು. ಹಿಂದೆ ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನುವ ಸರ್ಕಾರಿ ಕಾರ್ಖಾನೆ ಇತ್ತು, 'ಇಂದು' ಹೆಸರಿನಲ್ಲಿ ಫಿಲ್ಮ್, ಪೇಪರ್, ಎಕ್ಸ್‌ರೇ ಫಿಲ್ಮ್ ಎಲ್ಲ ಮಾಡುತ್ತಿತ್ತು. ಅದು ಮುಚ್ಚಿಹೋಯಿತು. ಹಳೇ ಸ್ಟುಡಿಯೋದವರ ಹತ್ತಿರ ಆ ಹೆಸರು ಎತ್ತಿದರೆ ಒಂದು ಗಂಟೆ ಮಾತಿಗೆ ಮೋಸವಿಲ್ಲ.

ಬಡವರ ದಾರಿ ಅಂದರೆ ಎಕ್ಸ್‌ರೇ ಫಿಲ್ಮ್. ದೊಡ್ಡ ಹಾಳೆ ತಂದು ಕೆಂಪು ದೀಪದಲ್ಲಿ ಕತ್ತರಿಸಿಕೊಳ್ಳಬಹುದು, ಯಾಕೆಂದರೆ ಅದಕ್ಕೆ ಕೆಂಪು ಬೆಳಕು ಕಾಣುವುದೇ ಇಲ್ಲ. ಅದೇ ತೊಂದರೆಯೂ ಹೌದು. ಕೆಂಪು ರೇಷ್ಮೆ ಚೇಲೆ ಪೂರಾ ಕಪ್ಪಾಗಿ ಬರುತ್ತದೆ, ತುಟಿಗಳೂ ಕಪ್ಪು. ಮದುವೆಗೆ ಬೇಡ, ಮನೆಯವರು ಬಯ್ಯುತ್ತಾರೆ.

ಕಾಫಿಯಲ್ಲಿ ಫಿಲ್ಮ್ ತೊಳೆಯಬಹುದಂತೆ, ನಿಜವಾ?

ಕೊಡಗಿನಲ್ಲಿ ಇದನ್ನು ಕೇಳದೆ ಬಿಟ್ಟವರಿಲ್ಲ! ನಿಜ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳು ಮೇಷ್ಟ್ರ ಜೊತೆ ಸೇರಿ ಕಂಡುಕೊಂಡದ್ದು. ಹೆಸರು ಕೆಫೆನಾಲ್. ಆದರೆ ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೆಯಿಕ್ ಆಸಿಡ್ಡಿನ ಜಾತಿಯ ಪದಾರ್ಥಗಳು. ಅವು ಅರೇಬಿಕಾಗಿಂತ ರೋಬಸ್ಟಾದಲ್ಲಿ ಜಾಸ್ತಿ. ಅರೇಬಿಕಾ ಬೆಳೆಗಾರರು ಬೇಜಾರು ಮಾಡಿಕೊಳ್ಳಬೇಡಿ.

ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ, ಇದೇ ಕ್ರಮದಲ್ಲಿ ಕರಗಿಸಿ. 20 ಡಿಗ್ರಿಯಲ್ಲಿ ಸುಮಾರು 15 ನಿಮಿಷ. ಅಡುಗೆ ಸೋಡಾ ಹಾಕಬೇಡಿ, ಅದು ಬೇರೆ. ಸೋಡಾದ ಪ್ಯಾಕೆಟ್ಟಿನಲ್ಲಿ ನೀರಿನ ಅಂಶ ಇರುವ ಹರಳಾಗಿದ್ದರೆ ಈ ಅಳತೆ ಸಾಲದು, ಒಣ ಪುಡಿಯ ಲೆಕ್ಕ ಇದು. ಚಿಕೋರಿ ಬೆರೆಸಿದ ಕಾಫಿ ಬೇಡ. ಆಮೇಲೆ ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ಮಾತ್ರ ಬೇಕೇ ಬೇಕು, ಅದಕ್ಕೆ ಬದಲಿ ಕಾಫಿ ಗಿಡದಲ್ಲಿ ಇಲ್ಲ. ವಾಸನೆ ಹೇಳಬಾರದು. ಮನೆಯಲ್ಲಿ ಕಾಫಿ ಕುಡಿಯುವವರು ಇದ್ದರೆ ಹಿತ್ತಲಿನಲ್ಲಿ ಮಾಡಿ. ನಾನು ಚಟಕ್ಕೆ ನಾಲ್ಕಾರು ಸಲ ಮಾಡಿದ್ದೇನೆ, ಬೇರೆಯವರ ಮದುವೆ ಶೀಟುಗಳನ್ನು ಡಿ-76 ಅನ್ನುವ ಮಾಮೂಲಿ ಡೆವಲಪರಿನಲ್ಲೇ ತೊಳೆಯುತ್ತೇನೆ. ಬೇಸಿಗೆಯಲ್ಲಿ ಬೆಂಗಳೂರಿನವರು ನೀರಿಗೆ ಐಸು ಹಾಕಿ 20 ಡಿಗ್ರಿಗೆ ತರಲು ಒದ್ದಾಡುವಾಗ ನಮ್ಮ ಮಡಿಕೇರಿ ನಲ್ಲಿ ನೀರು ಬಹಳ ತಿಂಗಳು ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ. ಇದೊಂದು ಸುಖ.

ಈ ಮಳೆಯಲ್ಲಿ ಫಿಲ್ಮ್, ಲೆನ್ಸ್ ಹಾಳಾಗಲ್ವಾ?

ಆಗುತ್ತದೆ. ಫಿಲ್ಮಿನ ಮೇಲಿರುವುದು ಜೆಲಾಟಿನ್, ಬೂಷ್ಟಿಗೆ ಅದು ಊಟ. ಗಾಳಿ ಆಡದ ಡಬ್ಬಿ, ಸಿಲಿಕಾ ಜೆಲ್, ವಾರಕ್ಕೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸುವುದು. ಅಟ್ಟದ ಮೇಲೆ ಹೊಗೆಯಲ್ಲಿ ಇಟ್ಟರೆ ಏನೂ ಆಗಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಅದು ಹಂದಿ ಮಾಂಸಕ್ಕೆ, ನೆಗೆಟಿವಿಗಲ್ಲ. ಫ್ರಿಜ್ಜಿನಲ್ಲಿಟ್ಟ ಫಿಲ್ಮ್ ಡಬ್ಬಿಯನ್ನು ಹೊರಗೆ ತಂದ ಕೂಡಲೇ ತೆರೆಯಬೇಡಿ, ಕೆಲವು ಗಂಟೆ ಹಾಗೇ ಬಿಡಿ, ಇಲ್ಲದಿದ್ದರೆ ನೀರು ಹನಿಗಟ್ಟುತ್ತದೆ.

ಎಷ್ಟು ವರ್ಷ ಉಳಿಯುತ್ತದೆ?

ಹಿಂದಿನ ನೈಟ್ರೇಟ್ ಫಿಲ್ಮ್ ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಆಮೇಲೆ ಬಂದ ಅಸಿಟೇಟ್ ಹಳತಾದಾಗ ವಿನಿಗರ್ ವಾಸನೆ ಬಂದು ಸುರುಟಿಕೊಳ್ಳುತ್ತದೆ. ನಿಮ್ಮ ಮನೆಯ ಪೆಟ್ಟಿಗೆ ತೆರೆದಾಗ ಆ ಹುಳಿ ವಾಸನೆ ಬಂದರೆ ಅವನ್ನು ಉಳಿದವುಗಳಿಂದ ಬೇರೆ ಇಡಿ, ಬೇಗ ಸ್ಕ್ಯಾನ್ ಮಾಡಿಸಿ. ಈಗಿನ ಕಪ್ಪು ಬಿಳುಪು ಶೀಟುಗಳು ಹೆಚ್ಚಿನವು ಪಾಲಿಯೆಸ್ಟರ್ ಮೇಲೆ ಬರುತ್ತವೆ. ಚೆನ್ನಾಗಿ ತೊಳೆದು ಒಣ ಜಾಗದಲ್ಲಿಟ್ಟರೆ ಮೊಮ್ಮಕ್ಕಳ ಕಾಲ ದಾಟುತ್ತವೆ. ಮುಖ್ಯ ಏನೆಂದರೆ, ಅದನ್ನು ನೋಡಲು ಯಂತ್ರ ಬೇಡ. ಕಿಟಕಿಗೆ ಹಿಡಿದರೆ ಕಾಣುತ್ತದೆ. ಪೇಪರಿನ ಮೇಲೆ ನೇರ ಇಟ್ಟು ಬೆಳಕು ಕೊಟ್ಟರೆ 4×5ರ ಪ್ರಿಂಟು ಬಂತು, ಎನ್‌ಲಾರ್ಜರ್ ಕೂಡ ಬೇಡ. ನನ್ನ ಹತ್ತಿರ ಡಿಜಿಟಲ್ ಫೋಟೋ ತುಂಬಿದ ಒಂದು ಹಾರ್ಡ್ ಡಿಸ್ಕ್ ಇದೆ, ಒಳಗೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. ಮೂರು ವರ್ಷದ ಮದುವೆಗಳು ಅದರಲ್ಲಿವೆ.

ಹಾಗಂತ ನೆಗೆಟಿವಿಗೆ ಅಪಾಯ ಇಲ್ಲ ಅಂತಲ್ಲ. ಅದು ಒಂದೇ ಪ್ರತಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆಗಳ ಜೊತೆ ಎಷ್ಟು ಆಲ್ಬಮ್‌ಗಳು ಮಣ್ಣಿಗೆ ಹೋದವೋ. ಕೆಲವರು ಕೆಸರಿನಿಂದ ತೆಗೆದು ತಂದು ಬಿಸಿಲಿಗೆ ಹಾಕಿದರು, ಒಂದಕ್ಕೊಂದು ಅಂಟಿ ಒಣಗಿ ಕಲ್ಲಾದವು. ಹಾಗೆ ಮಾಡಬಾರದು. ಒದ್ದೆಯಾದ ಫೋಟೋ, ನೆಗೆಟಿವ್ ಸಿಕ್ಕಿದರೆ ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲಿ ಹಾಕಿ, ಎರಡು ದಿನದೊಳಗೆ ಒಂದೊಂದೇ ನಿಧಾನಕ್ಕೆ ಬಿಡಿಸಿ ತೊಳೆದು, ಬೇರೆ ಬೇರೆಯಾಗಿ ನೇತು ಹಾಕಿ. ಚಿತ್ರವಿರುವ ಬದಿಯನ್ನು ಬೆರಳಿನಿಂದ ಒರೆಸಬೇಡಿ, ಕಳಚಿ ಬರುತ್ತದೆ.

ಆ ವರ್ಷದ ನಂತರ ನಾನು ಎಲ್ಲ ಶೀಟುಗಳನ್ನೂ ಸ್ಕ್ಯಾನ್ ಮಾಡುತ್ತೇನೆ, ಒಂದು ಪ್ರಿಂಟು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿಸುತ್ತೇನೆ. ಡಿಜಿಟಲ್ ಮೇಲೆ ನನಗೆ ದ್ವೇಷ ಇಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಕಲಿಯೋದು ಕಷ್ಟವಾ?

ಕೈ ಪಳಗಬೇಕು ಅಷ್ಟೇ. ಪೂರ್ತಿ ಕತ್ತಲಲ್ಲಿ ಶೀಟು ತುಂಬಬೇಕು. ಶೀಟಿನ ಒಂದು ಮೂಲೆಯಲ್ಲಿ ಕಚ್ಚು ಇರುತ್ತದೆ, ಶೀಟನ್ನು ಉದ್ದಕ್ಕೆ ಹಿಡಿದಾಗ ಅದು ಮೇಲೆ ಬಲಗಡೆ ಬೆರಳಿಗೆ ಸಿಕ್ಕಿದರೆ ಮದ್ದು ಹಚ್ಚಿದ ಮುಖ ನಿಮ್ಮ ಕಡೆಗಿದೆ ಅಂತ ಲೆಕ್ಕ. ಮೊದಲು ಹಾಳಾದ ಒಂದು ಶೀಟು ಹಿಡಿದು ಬೆಳಕಲ್ಲಿ ಅಭ್ಯಾಸ ಮಾಡಿ. ನಾನು ಎಲ್ಲ ತಪ್ಪೂ ಮಾಡಿದ್ದೇನೆ. ಶಟರ್ ಮುಚ್ಚದೆ ಡಾರ್ಕ್ ಸ್ಲೈಡ್ (ಹೋಲ್ಡರಿನ ಮುಚ್ಚಳ) ಎಳೆದು ಲೈಟ್ ಹೊಡೆಸಿದ್ದೇನೆ. ಸ್ಲೈಡ್ ಎಳೆಯುವುದನ್ನೇ ಮರೆತು ಒಂದು ಇಡೀ ಒಕ್ಕವನ್ನು ಬಿಸಿಲಲ್ಲಿ ನಿಲ್ಲಿಸಿ ಏನೂ ತೆಗೆಯದೆ ಥ್ಯಾಂಕ್ಸ್ ಹೇಳಿದ್ದೇನೆ. ಒಂದೇ ಶೀಟಿನ ಮೇಲೆ ಎರಡು ಸಲ ಹೊಡೆದು ವಾಲಗದವರ ಮೇಲೆ ಮದುಮಗಳ ಅಜ್ಜಿಯನ್ನು ಕೂರಿಸಿದ್ದೇನೆ. ಅಜ್ಜಿ ಅದನ್ನೇ ಫ್ರೇಮ್ ಹಾಕಿಸಿಕೊಂಡರು.

ಫೋಟೋ ಆದ ಮೇಲೆ ನಮ್ಮ ಹೆಸರೆಲ್ಲ ಯಾಕೆ ಕೇಳುತ್ತೀರಿ?

ಬರೆದಿಡಲು. ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಮನೆ ಹೆಸರು ಸಮೇತ. ಅಡುಗೆಯವರು, ವಾಲಗದವರು, ತೋಟದ ಕೆಲಸದವರ ಲೈನ್‌ಮನೆಯಿಂದ ಬಂದವರು, ಯಾರನ್ನೂ ಬಿಡಲ್ಲ. ಅವತ್ತೇ ಕೇಳಬೇಕು. ಮುಂದಿನ ವರ್ಷ ಕೇಳಿದರೆ ಅರ್ಧ ಜನಕ್ಕೆ ನೆನಪಿರಲ್ಲ. ಪ್ರಿಂಟಿನ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಇಂಕು ನಮ್ಮ ತೇವಕ್ಕೆ ಹರಡಿ ಮುಂದಿನ ಫೋಟೋಕ್ಕೆ ಹತ್ತುತ್ತದೆ.

ಒಂದು ಪ್ರತಿ ನಮಗೂ ಕೊಡುತ್ತೀರಾ?

ಖಂಡಿತ. ಮನೆಗೊಂದು ಪ್ರಿಂಟು ನನ್ನ ಲೆಕ್ಕದಲ್ಲಿ, ಜಾಸ್ತಿ ಬೇಕಾದರೆ ಪೇಪರಿನ ದುಡ್ಡು ಕೊಡಿ. ವಾಟ್ಸಾಪಿನಲ್ಲಿ ಸಂಜೆಯೇ ಕಳಿಸಿ ಅಂತ ಮಾತ್ರ ಕೇಳಬೇಡಿ. ಬೇಸಿಗೆಯಾದರೆ ಒಂದು ವಾರ ಹಿಡಿಯುತ್ತದೆ. ಮಳೆಗಾಲವಾದರೆ ನೆಗೆಟಿವ್ ಒಣಗಬೇಕಲ್ಲ, ಇನ್ನೆರಡು ದಿನ ಸೇರಿಸಿಕೊಳ್ಳಿ.